ಇಟಲಿ ಕಾರಿನ ಎಡ ಮಗ್ಗುಲು

ಮೊನ್ನೆ ಮಧ್ಯಾಹ್ನ ಉಂಡು, ನಡುಮನೆಯ ಚಾಪೆಯ ಮೇಲೆ ಒರಗಿ ಕಣ್ಣು ಮುಚ್ಚಿಕೊಂಡಿದ್ದೆ. ನಿದ್ದೆಯೇನೂ ಬಂದಿರಲಿಲ್ಲ. ಈ ವಯಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರೆ ಮನೆಯವರು ಸ್ವಲ್ಪ ಹೊತ್ತು ಮಾತ್ರೆಯ ಸುದ್ದಿ ಎತ್ತುವುದಿಲ್ಲ, ಅದಕ್ಕೆ. ರಜೆಗೆ ಬಂದಿದ್ದ ಮರಿಮೊಮ್ಮಗಳು ಕಿಟಕಿಯ ಪಕ್ಕ ಕೂತು ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನೇರ ಬಂದು ನನ್ನ ಮೂಗಿಗೆ ಬಡಿಯಿತು.

“ವಾಸನೆ ಬರ್ತಿದ್ಯಾ ಅಜ್ಜಿ? ಆಚೆ ಹೋಗಿ ಹಚ್ಕೊಳ್ಲಾ?” ಎಂದಳು ಹುಡುಗಿ.

“ಬ್ಯಾಡ ಕಣಮ್ಮಿ, ಇಲ್ಲೇ ಕೂತ್ಕೊ. ಮುಚ್ಚಳ ಹಾಕ್ಬ್ಯಾಡ,” ಎಂದೆ.

ಅವಳು ನನ್ನನ್ನು ಒಂದು ಥರ ನೋಡಿದಳು. ತೊಂಬತ್ತರ ಹತ್ತಿರ ಬಂದ ಮುದುಕಿ ಉಗುರುಬಣ್ಣದ ವಾಸನೆಯನ್ನು ಮಲ್ಲಿಗೆ ಮೂಸಿದ ಹಾಗೆ ಮೂಸುತ್ತಿದ್ದರೆ ಯಾರಾದರೂ ಹಾಗೆಯೇ ನೋಡಿಯಾರು. ನಿಮಗೂ ವಿಚಿತ್ರ ಅನ್ನಿಸಿದರೆ ನಿಮ್ಮ ತಪ್ಪಲ್ಲ. ನೀವು ಬಸ್ಸಿಗೆ ಬಾಡಿ ಕಟ್ಟುವವರ ಮನೆಯಲ್ಲಿ ಹುಟ್ಟಿದವರಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನಮ್ಮ ಅಪ್ಪನ ಶೆಡ್ಡಿತ್ತು. ಅಲ್ಲಿ ಬಣ್ಣ ಹೊಡೆಯುವ ದಿನ ಬೀದಿಯ ಆ ತುದಿಯವರೆಗೂ ಇದೇ ವಾಸನೆ. ಅವ್ವ ಮಾಡಿದ ಸಾರಿಗೂ ಅದೇ ವಾಸನೆ, ಹಾಲಿಗೂ ಅದೇ, ದೇವರ ಮುಂದಿಟ್ಟ ಹೂವಿಗೂ ಅದೇ.

ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಬಸ್ಸು ಬಸ್ಸಾಗಿಯೇ ಬರುತ್ತಿರಲಿಲ್ಲ. ಕಂಪನಿಯವರು ಕೊಡುತ್ತಿದ್ದದ್ದು ಒಂದು ಎಂಜಿನ್ನು, ಚಕ್ರಗಳು, ಉದ್ದಕ್ಕೆ ಎರಡು ಕಬ್ಬಿಣದ ತೊಲೆ. ಅದಕ್ಕೆ ಚಾಸಿ ಅನ್ನುತ್ತಿದ್ದರು. ಡ್ರೈವರು ಒಂದು ಹಲಗೆಯ ಮೇಲೆ ಕೂತು, ತಲೆಗೆ ಟವೆಲ್ಲು ಸುತ್ತಿಕೊಂಡು, ಬಿಸಿಲು ಮಳೆ ಎಲ್ಲ ತಿನ್ನುತ್ತಾ ಅದನ್ನು ನಮ್ಮ ಶೆಡ್ಡಿಗೆ ಓಡಿಸಿಕೊಂಡು ಬರುತ್ತಿದ್ದ. ಅಪ್ಪ ಅದರ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿ, ಸೀಟು ಕೂರಿಸಿ, ಬಣ್ಣ ಹೊಡೆದು ಬಸ್ಸು ಮಾಡಿ ಕಳಿಸುತ್ತಿದ್ದರು. ಹುಟ್ಟೂರು ಹರವೆಯಲ್ಲಿ ಹೊಲ, ಮನೆ, ಅಣ್ಣತಮ್ಮಂದಿರು ಎಲ್ಲ ಇದ್ದರೂ ಅಪ್ಪನಿಗೆ ನೇಗಿಲಿಗಿಂತ ಉಳಿಯ ಮೇಲೆ ಪ್ರೀತಿ. ಮೈಸೂರಿಗೆ ಹೋಗಿ ಕೆಲಸ ಕಲಿತು ಬಂದು ಗುಂಡ್ಲುಪೇಟೆಯಲ್ಲಿ ಶೆಡ್ಡು ಹಾಕಿದರು. ಹೆಸರು ಮಹದೇವಪ್ಪ. ಊರಿನವರ ಬಾಯಲ್ಲಿ ‘ಬಾಡಿ ಮಾದಪ್ಪ’. ಮೂರು ಹೊತ್ತು ಲಿಂಗಪೂಜೆ ಮಾಡುವವರ ಮನೆಗೆ ಈ ಹೆಸರು ಅಂಟಿದ್ದು ಅವ್ವನಿಗೆ ದೊಡ್ಡ ಸಂಕಟ. ಹೊಸಬರು ‘ಬಾಡು ಮಾದಪ್ಪ’ ಎಂದು ಕೇಳಿಸಿಕೊಂಡು, “ಇವತ್ತು ಕುರಿ ಕುಯ್ದಿದ್ದೀರಾ?” ಎಂದು ಬಾಗಿಲಿಗೆ ಬಂದದ್ದೂ ಉಂಟು.

ನಾನು ಹೇಳಹೊರಟಿದ್ದು ಬಸ್ಸಿನ ಕಥೆಯಲ್ಲ. ಐವತ್ತರ ದಶಕದ ನಡುವೆ ನಾನು ಚೊಚ್ಚಲ ಹೆರಿಗೆಗೆಂದು ಕುದೇರಿನ ಗಂಡನ ಮನೆಯಿಂದ ತವರಿಗೆ ಬಂದಾಗ ಶೆಡ್ಡಿನಲ್ಲಿ ಎರಡು ಬಸ್ಸುಗಳ ನಡುವೆ ಒಂದು ವಿಚಿತ್ರ ವಸ್ತು ಕೂತಿತ್ತು. ಎಮ್ಮೆಯ ಎತ್ತರವೂ ಇಲ್ಲ. ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಕೆಂಪು ಬಣ್ಣ, ಉದ್ದ ಮೂತಿ, ಹಿಂದುಗಡೆ ಬಾತುಕೋಳಿಯ ಬಾಲದ ಹಾಗೆ ಇಳಿಜಾರು. ಎಡ ಮಗ್ಗುಲು ಮಾತ್ರ ಜಜ್ಜಿ ಹಪ್ಪಳವಾಗಿತ್ತು.

“ಇದೇನಪ್ಪ?” ಎಂದೆ.

“ಇಟಲಿ ಕಾರು ಕಣವ್ವ. ರೇಸ್ ಕಾರು,” ಎಂದರು ಅಪ್ಪ, ದೇವಸ್ಥಾನದಲ್ಲಿ ಮಾತಾಡುವವರ ದನಿಯಲ್ಲಿ. ಬೀದಿಯವರಿಗೆ ಇಟಲಿ ನಾಲಿಗೆಗೆ ಹತ್ತಲಿಲ್ಲ. ನೋಡಲು ದುಂಡಗೆ ಪುಟ್ಟದಾಗಿಯೂ ಇತ್ತಲ್ಲ, ‘ಇಡ್ಲಿ ಕಾರು’ ಎಂದು ಕರೆದುಬಿಟ್ಟರು.

ಕಾರಿನ ಒಡೆಯರು ಕೊಡಗಿನವರು. ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದು ಇಟಲಿಯವರೆಗೂ ಹೋಗಿ ಬಂದಿದ್ದರು. ಆಮೇಲೆ ಗೂಡಲೂರಿನ ಕಡೆ ಒಂದು ಟೀ ಎಸ್ಟೇಟನ್ನು ನೋಡಿಕೊಳ್ಳುತ್ತಿದ್ದರು. ನಮಗೆಲ್ಲ ಅವರು ‘ಕ್ಯಾಪ್ಟನ್ ಸಾಹೇಬರು’. ಕೋಲಿನಂಥ ಮೈ, ಪೊದೆ ಮೀಸೆ, ಹೆಂಗಸರ ಎದುರು ಮಾತು ಹೊರಡದ ನಾಚಿಕೆ. ಇಟಲಿಯಲ್ಲಿ ಕಂಡು ಮನಸೋತಿದ್ದ ಕಾರು ಮೈಸೂರಿನ ಶ್ರೀಮಂತರೊಬ್ಬರ ಲಾಯದಲ್ಲಿ ಧೂಳು ಹಿಡಿದು ನಿಂತಿದೆ ಎಂದು ಯಾರೋ ಹೇಳಿದ್ದಕ್ಕೆ ಓಡಿಹೋಗಿ ಕೊಂಡುಕೊಂಡಿದ್ದರು. ಒಂದು ದಿನ ಬಂಡೀಪುರದ ಕಾಡಿನ ತಿರುವಿನಲ್ಲಿ ಜಿಂಕೆಯ ಹಿಂಡು ಅಡ್ಡ ಬಂತು. ಜಿಂಕೆಗಳನ್ನು ಉಳಿಸಿದರು, ಕಾರನ್ನು ಮೋರಿಯ ಕಲ್ಲಿಗೆ ಒರೆಸಿದರು. ಎಂಜಿನ್ನಿಗೆ ಏನೂ ಆಗಲಿಲ್ಲ, ಅವರಿಗೂ ಏನೂ ಆಗಲಿಲ್ಲ. ಜಜ್ಜಿದ ತಗಡು ಚಕ್ರಕ್ಕೆ ಸಿಕ್ಕಿಕೊಂಡಿದ್ದರಿಂದ ಎತ್ತು ಕಟ್ಟಿ ಎಳೆಸಿಕೊಂಡು ನಮ್ಮ ಶೆಡ್ಡಿನವರೆಗೆ ತಂದರು, ಮದರಾಸಿಗೆ ಸಾಗಿಸುವ ಲಾರಿ ಸಿಕ್ಕುವತನಕ ಇಟ್ಟುಕೊಳ್ಳಿ ಎಂದು.

ಅಪ್ಪ ಇಟ್ಟುಕೊಂಡು ಸುಮ್ಮನಿರಲಿಲ್ಲ. ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಹಾಕುತ್ತಾ ಬಲ ಮಗ್ಗುಲಿನಲ್ಲಿ ಒಂದು ಪುಟ್ಟ ತಗಡಿನ ಮುದ್ರೆ ಕಂಡರಂತೆ. ಮೂತಿಯ ಮೇಲೊಂದು ಮುದ್ರೆ ಇದ್ದೇ ಇತ್ತು. ಇದೇನು ಎರಡನೆಯದು ಎಂದು ಕೇಳಿದಾಗ ಸಾಹೇಬರು, “ಮುಂದಿನದು ಎಂಜಿನ್ ಮಾಡಿದವರದು, ಇದು ಬಾಡಿ ಕಟ್ಟಿದವರದು. ಅಲ್ಲಿ ಅವರವರ ಹೆಸರು ಅವರವರೇ ಹಾಕುವುದುಂಟು,” ಎಂದರಂತೆ. ಅಷ್ಟೇ. ಅಪ್ಪ ಆ ಮುದ್ರೆಯ ಮೇಲೆ ಬೆರಳಾಡಿಸಿ, “ಅಂಗಾರೆ ಇದೂ ನಮ್ಮವ್ರ ಕೆಲ್ಸವೇಯಾ ಸಾರ್. ಮದ್ರಾಸ್‌ಗೆ ಯಾಕೆ? ನಾನೇ ಒಂದ್ ಕೈ ನೋಡ್ತೀನಿ,” ಎಂದುಬಿಟ್ಟರು. ಬಸ್ಸಿನ ಮೇಲೆ ಬಸ್ಸಿನ ಮಾಲೀಕನ ಹೆಸರಿರುತ್ತಿತ್ತು, ಅವನ ಮನೆದೇವರ ಹೆಸರಿರುತ್ತಿತ್ತು, ಒಮ್ಮೊಮ್ಮೆ ಅವನ ಮಗಳ ಹೆಸರೂ ಇರುತ್ತಿತ್ತು. ಕಟ್ಟಿದವನ ಹೆಸರು ಹಾಕಬಹುದು ಎಂಬ ಯೋಚನೆಯೇ ನಮ್ಮ ಕಡೆ ಯಾರಿಗೂ ಬಂದಿರಲಿಲ್ಲ.

ಒಂದು ಕೈ ನೋಡುವುದೇನೋ ಸರಿ, ಆದರೆ ಅಪ್ಪನ ಕೈಗೆ ಗೊತ್ತಿದ್ದದ್ದು ನೇರ ಗೆರೆ. ಬಸ್ಸೆಂದರೆ ದೊಡ್ಡ ಪೆಟ್ಟಿಗೆ. ಈ ಕಾರಿನಲ್ಲಿ ಹುಡುಕಿದರೂ ಒಂದು ನೇರ ಗೆರೆ ಇರಲಿಲ್ಲ. ಎಲ್ಲ ಬಳುಕು. ಬಲ ಮಗ್ಗುಲಿನ ತಗಡನ್ನೂ ಬಿಚ್ಚಿ ಗೋಡೆಗೆ ಒರಗಿಸಿ, ಅದನ್ನು ನೋಡಿಕೊಂಡು ಎಡ ಮಗ್ಗುಲನ್ನು ಮಾಡಬೇಕು. ಮೊದಲು ಒಳಗಿನ ಮರದ ಪಂಜರ, ಆಮೇಲೆ ಮೇಲಿನ ಅಲ್ಯೂಮಿನಿಯಂ ತಗಡು. ತಗಡಿನ ಕೆಲಸಕ್ಕೆ ಮೊಯ್ದು ಕಾಕ ಇದ್ದರು. ವಯನಾಡಿನ ಬತ್ತೇರಿಯಿಂದ ಬಂದು ನಮ್ಮಲ್ಲೇ ನೆಲೆ ನಿಂತವರು. ಅಪ್ಪನ ಮೊದಲ ಪ್ರಯತ್ನದ ಮಡ್ಗಾರ್ಡು ಥೇಟ್ ಮೊರದ ಹಾಗೆ ಬಂತು. ಅವ್ವ ಅದರಲ್ಲಿ ಒಂದು ದಿನ ಅಕ್ಕಿ ಕೇರಿಯೂ ನೋಡಿದಳು.

“ಮಾದಪ್ಪಾ, ಇದು ಬಸ್ಸಲ್ಲ ಕೇಟ್ಟಾ. ಹೊಡೀಬಾರ್ದು, ತಟ್ಟಬೇಕು, ಕೂಸಿನ ಬೆನ್ನು ತಟ್ಟಿದ ಹಾಗೆ,” ಎಂದು ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಹೇಳುತ್ತಾ ಕಾಕ ಮರಳು ತುಂಬಿದ ತೊಗಲಿನ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ತಟ್ಟುತ್ತಾ ಕೂರುತ್ತಿದ್ದರು. ಆ ಟಕ್ ಟಕ್ ಸದ್ದು ಕೇಳುತ್ತಾ ನಾನು ಜಗಲಿಯ ಹಗ್ಗದ ಮಂಚದ ಮೇಲೆ ಕೂತಿರುತ್ತಿದ್ದೆ. ಅಷ್ಟು ಹೊತ್ತಿಗೆ ನಾನು ಬಾಗಿಲಲ್ಲಿ ಅಡ್ಡ ತಿರುಗಿ ನುಸುಳಬೇಕಾದ ಗಾತ್ರವಾಗಿದ್ದೆ. ಅವ್ವ ಒಮ್ಮೆ ನನ್ನನ್ನೂ ಶೆಡ್ಡನ್ನೂ ನೋಡಿ, “ಈ ಮನೇಲೀಗ ಎರಡು ಬಾಡಿ ಕಟ್ತಾ ಅವ್ರೆ. ಯಾವ್ದು ಮೊದ್ಲು ಆಚೆ ಬತ್ತದೋ ಕಾಣೆ,” ಎಂದಳು. ನನ್ನವ್ವ ಗಂಡಸರ ಎದುರು ದನಿ ಎತ್ತಿದವಳಲ್ಲ. ಇಂಥ ಮಾತನ್ನೆಲ್ಲ ಸೆರಗಿನ ಮರೆಯಲ್ಲೇ ಆಡುತ್ತಿದ್ದಳು.

ಅಪ್ಪನಿಗೆ ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಎಡಗಡೆ ಸೀಟಿನ ಪಕ್ಕದ ದೊಡ್ಡ ಬಳಸು. ಮೂತಿಯಿಂದ ಹೊರಟು, ಸೀಟಿನ ಬಳಿ ತಗ್ಗಿ, ಮತ್ತೆ ಮೇಲೆದ್ದು ಬಾಲದವರೆಗೆ ಹೋಗುವ ಒಂದೇ ಮರದ ಪಟ್ಟಿ. ತುಂಡು ತುಂಡಾಗಿ ಜೋಡಿಸಿದರೆ ಬಳುಕು ಬರುವುದಿಲ್ಲ. ಮರವನ್ನು ಬಿಸಿನೀರಿನ ಹಬೆಯಲ್ಲಿ ಬೇಯಿಸಿ, ಗೂಟಗಳ ನಡುವೆ ಸಿಕ್ಕಿಸಿ, ದಿನದಿನವೂ ಚೂರುಚೂರೇ ಬಾಗಿಸಬೇಕು. ಎಷ್ಟೋ ಪಟ್ಟಿಗಳು ಲಟ್ಟೆಂದು ಮುರಿದವು. ಮುರಿದಾಗೆಲ್ಲ ಅಪ್ಪ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದರು, ಬಾಯಿಗಿಡುತ್ತಿರಲಿಲ್ಲ. ಕೊನೆಗೊಂದು ಪಟ್ಟಿ ಬಾಗಿ ನಿಂತಿತು. ಎರಡು ತಿಂಗಳ ಮೇಲೆ ಅದು ಕಾರಿನ ಮೇಲೆ ಕೂತ ದಿನ ಅಪ್ಪ ಅದರ ಮೈಮೇಲೆ ಅಂಗೈ ಓಡಿಸುತ್ತಾ ಸಂಜೆಯವರೆಗೂ ಅಲ್ಲೇ ನಿಂತಿದ್ದರು. ಅವ್ವ ಕಾಫಿಗೆ ಕರೆದರೆ ಬರಲಿಲ್ಲ.

ಆಮೇಲೆ ಒಂದು ವಾರವೂ ಆಗಿರಲಿಲ್ಲ, ನನಗೆ ಬೆಳಗಿನ ಜಾವ ನೋವು ಕಾಣಿಸಿಕೊಂಡಿತು.

ಸೂಲಗಿತ್ತಿ ಚಿಕ್ಕತಾಯಮ್ಮ ಬಂದಳು. ನಮ್ಮ ಬೀದಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು, ಮತ್ತೆ ನೋಡಿದಳು. ಬಿಸಿಲು ಬೀಳುವ ಹೊತ್ತಿಗೆ ಎದ್ದು ಆಚೆ ಹೋಗಿ ಅವ್ವನ ಹತ್ತಿರ ಹೇಳಿದ್ದು ನನಗೂ ಕೇಳಿಸಿತು.

“ಕೂಸು ಅಡ್ಡ ಮಲಗ್ಯದೆ ಕಣವ್ವ. ನಾನು ಮುಟ್ಟಾಕಿಲ್ಲ. ನಗರದ ದೊಡ್ಡಾಸ್ಪತ್ರೆಲಿ ಡಾಕ್ಟ್ರಮ್ಮ ಅವ್ರೆ, ಅಲ್ಲಿಗೆ ಕರ್ಕೊಂಡೋಗಿ. ತಡ ಮಾಡ್ಬ್ಯಾಡಿ. ಎರಡು ಜೀವ ಕಣ್ರವ್ವ.”

ನಗರ ಅಂದರೆ ನಮ್ಮ ಕಡೆ ಚಾಮರಾಜನಗರ. ಬೆಳಗಿನ ಬಸ್ಸು ಹೊರಟುಹೋಗಿತ್ತು, ಇನ್ನೊಂದು ಹೊತ್ತು ತಿರುಗಿದ ಮೇಲೆ. ಎತ್ತಿನ ಗಾಡಿಯಲ್ಲಿ ಹೊರಟರೆ ತಲುಪುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಶೆಡ್ಡಿನಲ್ಲಿದ್ದ ಎರಡು ಬಸ್ಸುಗಳ ಎಂಜಿನ್ನನ್ನು ರಿಪೇರಿಗೆಂದು ಇಳಿಸಿ ಮೈಸೂರಿಗೆ ಕಳಿಸಿದ್ದರು. ಸೀಮೆಗೆಲ್ಲ ಬಸ್ಸು ಕಟ್ಟಿಕೊಟ್ಟವರ ಮಗಳಿಗೆ ಅವತ್ತು ಒಂದು ಬಸ್ಸಿಲ್ಲ. ಅಪ್ಪ ಅಂಗಳದಲ್ಲಿ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಅವರ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಶೆಡ್ಡಿನಿಂದ ಒಂದು ಸದ್ದು ಬಂತು. ಹೊಲಿಗೆ ಮೆಷಿನ್ನಿಗೆ ಸಿಟ್ಟು ಬಂದ ಹಾಗೆ. ಕ್ಯಾಪ್ಟನ್ ಸಾಹೇಬರು ವಾರಕ್ಕೊಮ್ಮೆ ಬಂದು ಕೆಲಸ ನೋಡಿ, ಎಂಜಿನ್ ಚಾಲೂ ಮಾಡಿ ನಿಲ್ಲಿಸಿ ಹೋಗುತ್ತಿದ್ದರು. ಅವತ್ತೂ ಬಂದಿದ್ದರು, ಮನೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಅಪ್ಪ ಓಡಿದರು. ಏನು ಹೇಳಿದರೋ, ಸಾಹೇಬರು ಕೂಡಲೇ, “ಹತ್ತಿಸಿ, ಹತ್ತಿಸಿ,” ಎಂದು ಕೂಗಿದ್ದು ಕೇಳಿಸಿತು.

ಹತ್ತಿಸಿ ಅನ್ನುವುದು ಸುಲಭ. ಮೈಮೇಲೆ ಒಂದು ಚೂರು ತಗಡಿಲ್ಲದ, ಬರೀ ಪಕ್ಕೆಲುಬಿನ ಕಾರು ಅದು. ಅವ್ವ ಒಂದು ಕಡೆ, ಚಿಕ್ಕತಾಯಮ್ಮ ಒಂದು ಕಡೆ ನನ್ನನ್ನು ಹಿಡಿದುಕೊಂಡು ಬಂದರು. ಆ ಸೀಟಿನೊಳಕ್ಕೆ ಇಳಿಯಬೇಕಾದರೆ ಅಪ್ಪ ಬಾಗಿಸಿದ ಆ ಮರದ ಬಳಸಿನ ಮೇಲೆ ಕಾಲೆತ್ತಿ ಹಾಕಿ, ಬೇಲಿ ನುಸುಳಿದ ಹಾಗೆ ನುಸುಳಬೇಕು. ಎರಡು ಸಲ ಪ್ರಯತ್ನಪಟ್ಟೆ. ನೋವು ಬಂದು ಅಲ್ಲೇ ಕುಸಿದೆ. ಇನ್ನು ನನ್ನಿಂದಾಗದು ಎಂದು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಅಪ್ಪನ ಕೈಯಲ್ಲಿ ಗರಗಸವಿತ್ತು.

“ಏ ಮಾದಪ್ಪ! ಎರಡು ತಿಂಗಳ ಕೆಲಸ!” ಎಂದರು ಸಾಹೇಬರು. ಅವರ ಬಾಯಿಂದ ತಾನಾಗಿ ಬಂದ ಮಾತು ಅದು, ಪಾಪ.

“ಮರ ಸಿಕ್ತದೆ ಬುಡಿ ಸಾರ್,” ಎಂದರು ಅಪ್ಪ. ತಲೆಯೆತ್ತಲೂ ಇಲ್ಲ. ಅಂಗೈ ಓಡಿಸಿ ಓಡಿಸಿ ನೋಡುತ್ತಿದ್ದ ಆ ಪಟ್ಟಿಯನ್ನು ಮೂತಿಯ ಕಡೆ ಒಂದು ಸಲ, ಬಾಲದ ಕಡೆ ಒಂದು ಸಲ ಕೊಯ್ದು ಎತ್ತಿ ಪಕ್ಕಕ್ಕೆಸೆದರು. ಅದು ಬಿದ್ದ ಕಡೆ ತಿರುಗಿ ನೋಡಲಿಲ್ಲ. ಕೌದಿ ಹಾಸಿ, ಹುಲ್ಲು ತುಂಬಿದ ಗೋಣಿಚೀಲ ಬೆನ್ನಿಗಿಟ್ಟು, ನನ್ನನ್ನು ಚಿಕ್ಕ ಮಗುವಿನ ಹಾಗೆ ಎತ್ತಿ ಕೂರಿಸಿ, ಬೀಳದಂತೆ ಅಡ್ಡಲಾಗಿ ತಮ್ಮ ಮೇಲುವಸ್ತ್ರ ಕಟ್ಟಿದರು. ಅವ್ವನನ್ನು ಹಿಂದೆ, ಪೆಟ್ರೋಲು ಟ್ಯಾಂಕಿನ ಮೇಲೆ ಹಲಗೆ ಹಾಕಿ ಕೂರಿಸಿದರು. ಅಪ್ಪನಿಗೆ ಜಾಗವಿರಲಿಲ್ಲ. ಕಾರು ಹೊರಟಾಗ ಪಕ್ಕದಲ್ಲೇ ನನ್ನ ಕೈ ಹಿಡಿದುಕೊಂಡು ಓಡಿದರು. ಆಮೇಲೆ ಕೈ ತಪ್ಪಿತು.

ತೆರಕಣಾಂಬಿಯ ದಾರಿಯಲ್ಲಿ ಎರಡೂ ಕಡೆ ರಾಗಿ ಹೊಲ. ತೆನೆ ಬಾಗಿ ನಿಂತಿದ್ದವು. ಸಾಹೇಬರು ಹಳ್ಳ ಕಂಡಲ್ಲೆಲ್ಲ ನಿಧಾನಿಸುತ್ತಾ, ನೇರ ಕಂಡಲ್ಲಿ ಓಡಿಸುತ್ತಾ ಹೋದರು. ಅವರ ಬೆವರು ನನ್ನ ಬೆವರಿಗಿಂತ ಹೆಚ್ಚಾಗಿತ್ತು. ನಾನು ನೋವು ಬಂದಾಗಲೆಲ್ಲ ಕಿರುಚಿಕೊಳ್ಳುತ್ತಿದ್ದೆ. ಅವ್ವ ಹಿಂದಿನಿಂದ, “ಏನಾದ್ರೂ ಮಾತಾಡಿ ಸ್ವಾಮಿ, ಮಗೀನ ಮನಸ್ಸು ಬೇರೆ ಕಡೆ ತಿರುಗ್ಲಿ,” ಎಂದು ಬೇಡಿಕೊಂಡಳು.

ಹೆಂಗಸರ ಹತ್ತಿರ ಏನು ಮಾತಾಡಬೇಕೆಂದು ಆ ಮನುಷ್ಯನಿಗೆ ಹುಟ್ಟಿದಾಗಿನಿಂದ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ ವಿಷಯ. ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಟುರಿನ್ ಅಂತ ಒಂದು ಊರು ಉಂಟಮ್ಮಾ, ಇಟಲಿಯ ಉತ್ತರಕ್ಕೆ. ಅಲ್ಲಿ ಬೀದಿಗೊಬ್ಬ ಬಾಡಿ ಕಟ್ಟುವವನು. ನಿಮ್ಮ ತಂದೆಯವರ ಹಾಗೆಯೇ ಶೆಡ್ಡು…”

ಹೆರಿಗೆ ನೋವಿನಲ್ಲಿ ಇಟಲಿಯ ಕಾರುಗಳ ಪಾಠ ಹೇಳಿಸಿಕೊಂಡ ಹೆಣ್ಣು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ನೋವಿನಲ್ಲಿ ಕೇಳಿದ ಮಾತು ಮರೆಯುವುದಿಲ್ಲ ಎಂಬುದಂತೂ ನಿಜ. ಅಲ್ಲಿ ಎಂಜಿನ್ನುಗಳು ಪುಟ್ಟವಂತೆ, ಶಕ್ತಿ ಕಮ್ಮಿ. ಆದ್ದರಿಂದ ಬಾಡಿ ಕಟ್ಟುವವರು ಅದಕ್ಕೆ ಹೊರೆಯಾಗದಂತೆ ತೂಕ ಇಳಿಸುತ್ತಾರಂತೆ. ಬೇಡದ ಕಡೆಯೆಲ್ಲ ತೂತು ಕೊರೆಯುತ್ತಾರಂತೆ. ತಗಡನ್ನು ತೆಳ್ಳಗೆ ತಟ್ಟುತ್ತಾರಂತೆ. ಗಾಳಿ ಸೀಳಿಕೊಂಡು ಹೋಗಲಿ ಎಂದು ಮೂಲೆಗಳನ್ನೆಲ್ಲ ಬಳುಕಿಸುತ್ತಾರಂತೆ. ಒಂದು ಮಡ್ಗಾರ್ಡನ್ನು ಒಬ್ಬ ಮುದುಕ ತಟ್ಟಿದರೆ ಇನ್ನೊಂದನ್ನು ಇನ್ನೊಬ್ಬ. ಸೂಕ್ಷ್ಮವಾಗಿ ನೋಡಿದರೆ ಎರಡೂ ಒಂದೇ ಥರ ಇರುವುದಿಲ್ಲವಂತೆ. ಹಾಗಾಗಿ ಒಂದು ಕಾರಿನ ಹಾಗೆ ಇನ್ನೊಂದು ಕಾರಿಲ್ಲ. ಆ ಪುಟ್ಟ ಕಾರುಗಳು ಬೆಟ್ಟದ ದಾರಿಯ ರೇಸುಗಳಲ್ಲಿ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಹೋಗುತ್ತವಂತೆ.

ನೋವು ಏರಿದ ಹಾಗೆ ಸಾಹೇಬರ ಮಾತೂ ಏರುತ್ತಿತ್ತು. ನಾನು ಕಿರುಚಿದರೆ ಅವರೂ ಕಿರುಚಿ ಹೇಳುತ್ತಿದ್ದರು. “ಇನ್ನು ಮುಂದೆ ಇದೆಲ್ಲ ಇರಲಿಕ್ಕಿಲ್ಲಮ್ಮಾ! ಎಲ್ಲ ಅಚ್ಚಿನಲ್ಲಿ ಒತ್ತಿಬಿಡುತ್ತಾರೆ! ಬಿಸ್ಕತ್ತಿನ ಹಾಗೆ!”

“ಅಯ್ಯೋ ಒತ್ಲಿ ಬುಡಿ ಸಾರ್!” ಎಂದು ಕೂಗಿದೆ. ಅವರು ಗಾಬರಿಯಾಗಿ ಸ್ವಲ್ಪ ಹೊತ್ತು ಸುಮ್ಮನಾದರು. ಸುಮ್ಮನಾದರೆ ಇನ್ನೂ ಭಯ. “ಹೇಳಿ, ಹೇಳಿ,” ಎಂದೆ.

ತೆರಕಣಾಂಬಿಯ ಬೀದಿಗೆ ಬಂದಾಗ ದನಗಳು ಅಡ್ಡ. ಜನ ಗುಂಪಾಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಸಾಹೇಬರು ಹಾರ್ನ್ ಒತ್ತಲು ಹೋದರೆ ಹಾರ್ನೇ ಇಲ್ಲ, ಅದನ್ನು ಬಿಚ್ಚಿ ಶೆಡ್ಡಿನ ಮೊಳೆಗೆ ನೇತುಹಾಕಿತ್ತು. ಆಗ ನನ್ನ ಹಿಂದಿನಿಂದ ಒಂದು ಕೂಗು ಬಂತು ನೋಡಿ.

“ದಾರಿ ಬುಡ್ರಪ್ಪೋ! ದಾರಿ ಬುಡ್ರೋ! ನನ್ ಮಗ್ಳು ಹೆರಿಗೆ ನೋವ್ ತಿಂತಾ ಅವ್ಳೆ, ದಾರಿ ಬುಡ್ರೋ!”

ಮೆಲ್ಲಗೆ ಕೆಮ್ಮುವುದಕ್ಕೂ ನಾಚುತ್ತಿದ್ದ ನನ್ನವ್ವ ಅದು. ದನ ಸರಿದವು, ಗಾಡಿ ಸರಿದವು, ಜನ ಸರಿದರು. ಒಬ್ಬಾಕೆ ಪಕ್ಕದಲ್ಲಿ ಓಡಿಬಂದು ಒಂದು ಚೆಂಬು ನೀರು ನನ್ನ ಬಾಯಿಗೆ ಹಿಡಿದು, “ಏನೂ ಆಗಕಿಲ್ಲ ಹೋಗವ್ವ, ಮಾದೇಶ್ವರ ಅವ್ನೆ,” ಎಂದಳು. ಅವಳು ಯಾರೋ ಏನೋ. ನಗರ ಬರುವವರೆಗೂ ಅವ್ವ ಕೂಗುತ್ತಲೇ ಇದ್ದಳು. ದಾರಿ ಖಾಲಿಯಿದ್ದರೂ ಕೂಗಿದಳು. ಕೂಗುವುದು ಬಿಟ್ಟರೆ ಅವಳಿಗೆ ಅವತ್ತು ಬೇರೆ ಏನೂ ಕೈಲಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ.

ಆಸ್ಪತ್ರೆಯ ಬಾಗಿಲಿಗೆ ಡಾಕ್ಟರಮ್ಮನೇ ಬಂದರು. ಕಾರನ್ನು ಕಂಡು ಒಂದು ಗಳಿಗೆ ನಿಂತು, “ಇದೇನ್ರೀ, ಹುಡುಗೀನ ಕೋಳಿಗೂಡಲ್ಲಿ ಹಾಕ್ಕೊಂಡು ಬಂದಿದ್ದೀರಾ?” ಎಂದರು. ಆಮೇಲೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟವರು ನಗಲಿಲ್ಲ. ಒಳಗೆ ಏನೇನಾಯಿತೋ ನನಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಅವರ ಬಿಸಿ ಕೈ ಗೊತ್ತು. “ಇನ್ನೊಂದ್ಸಲ, ಇನ್ನೊಂದೇ ಸಲ,” ಎಂದು ಹೇಳಿ ಹೇಳಿ ಎಷ್ಟು ಸಲ ಮೋಸ ಮಾಡಿದರೋ. ಮಗು ಆಚೆ ಬಂತು, ಅಳಲಿಲ್ಲ. ಅವ್ವ ಗೋಡೆಯ ಕಡೆ ತಿರುಗಿ ನಿಂತಳು. ಡಾಕ್ಟರಮ್ಮ ಅದನ್ನು ಬೋರಲು ಹಿಡಿದು ಬೆನ್ನು ತಟ್ಟಿದರು, ಉಜ್ಜಿದರು, ಮತ್ತೆ ತಟ್ಟಿದರು. ಕೊನೆಗೆ ಬೆಕ್ಕಿನ ಮರಿಯ ದನಿಯಲ್ಲಿ ಒಂದು ಸಣ್ಣ ಕಿರಿಕಿರಿ, ಅದರ ಹಿಂದೆಯೇ ಆಸ್ಪತ್ರೆ ಹಾರಿಹೋಗುವಂಥ ಅಳು. ಅಷ್ಟು ಚೆಂದದ ಗಲಾಟೆಯನ್ನು ನಾನು ಆಮೇಲೆ ಕೇಳಿಲ್ಲ.

“ಹೆಣ್ಣು. ಗಂಟಲು ಗಟ್ಟಿ ಇದೆ, ಅಜ್ಜಿ ಥರ,” ಎಂದರು ಡಾಕ್ಟರಮ್ಮ. ಅವ್ವನ ಕೂಗು ಅವರಿಗೂ ಕೇಳಿಸಿತ್ತು.

ಅಪ್ಪ ಬಂದದ್ದು ಮಧ್ಯಾಹ್ನ. ಮೊಯ್ದು ಕಾಕನ ಸೈಕಲ್ಲು ಇಸಕೊಂಡು ಅಷ್ಟು ದೂರ ತುಳಿದುಕೊಂಡು ಬಂದಿದ್ದರು. ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಬಂದವರು ಒಳಗೆ ಬರಲಿಲ್ಲ. ಗೇಟಿನ ಆಚೆ ನಿಂತ ಕಾರನ್ನು ಕಂಡು, ಸೈಕಲ್ಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರಂತೆ. ಒಳಗೆ ಹೋದರೆ ಏನು ಕೇಳಬೇಕಾಗುತ್ತದೋ ಎಂಬ ಭಯ. ಬೀಡಿ ಸೇದಲು ಆಚೆ ಬಂದ ಸಾಹೇಬರು ಅವರನ್ನು ಕಂಡು ಓಡಿಹೋಗಿ, “ಮಾದಪ್ಪ, ಹೆಣ್ಣು ಮಗು. ಇಬ್ಬರೂ ಕ್ಷೇಮ. ಇಬ್ಬರೂ,” ಎಂದರಂತೆ. ಅಪ್ಪ ಸೈಕಲ್ಲು ಬಿಟ್ಟುಬಿಟ್ಟರು. ಅದು ದಡಾರನೆ ಬಿತ್ತು. ಅವರೂ ಅದರ ಪಕ್ಕದಲ್ಲೇ ಕೂತು, “ಒಂಚೂರು ನೀರು ಕೊಡಿ ಸಾರ್,” ಎಂದರಂತೆ.

ಆಮೇಲೆ ಒಳಗೆ ಬಂದರು. ಮಗುವನ್ನು ನೋಡಲಿಲ್ಲ, ಮೊದಲು ನನ್ನನ್ನು ನೋಡಿದರು. ಕಂಬಳಿಯ ಮೇಲಿಂದಲೇ ನನ್ನ ಪಾದ ಹಿಡಿದುಕೊಂಡು, “ಇದ್ದೀಯಲ್ಲ ಮಗ,” ಎಂದರು. ಅಷ್ಟೇ ಅಂದದ್ದು.

ಮಾರನೆಯ ಬೆಳಿಗ್ಗೆ ಕುದೇರಿನಿಂದ ನಮ್ಮ ಯಜಮಾನರು ಗಾಡಿ ಕಟ್ಟಿಕೊಂಡು ಬಂದ ಮೇಲೆ ಅಪ್ಪ ಊರಿಗೆ ಹಿಂತಿರುಗಿದರು. ಮತ್ತೆ ಮರ ತಂದರು, ಮತ್ತೆ ಬೇಯಿಸಿದರು, ಮತ್ತೆ ಬಾಗಿಸಿದರು. ಈ ಸಲ ಕೈ ಪಳಗಿತ್ತು, ಬೇಗ ಮುಗಿಯಿತು. ಆ ಬಳಸನ್ನು ಸೀಟಿನ ಹತ್ತಿರ ಮೊದಲಿಗಿಂತ ತಗ್ಗಿಸಿದರು. ಸಾಹೇಬರು ನೋಡಿ, “ಬಲಗಡೆಯ ಹಾಗೆ ಇಲ್ಲವಲ್ಲ?” ಎಂದು ಕೇಳಿದ್ದಕ್ಕೆ ಅಪ್ಪ, “ಎಡಗಡೆ ಹೆಣ್ಮಕ್ಕಳು ಕೂರ್ತಾರೆ ಸಾರ್,” ಎಂದರಂತೆ. ಸಾಹೇಬರಿಗೆ ಮದುವೆಯೇ ಆಗಿರಲಿಲ್ಲ. ಆದರೂ ಒಪ್ಪಿಕೊಂಡರು. ಬಲ ಮಗ್ಗುಲು ಇಟಲಿಯದು, ಎಡ ಮಗ್ಗುಲು ಗುಂಡ್ಲುಪೇಟೆಯದು. ಹಾಗೆ ಒಂದು ಕಾರು ತಯಾರಾಗಿ, ಕೆಂಪು ಬಣ್ಣ ಬಳಿಸಿಕೊಂಡು ಹೊರಟಿತು. ಹೊರಡುವ ಮುಂಚೆ ಸಾಹೇಬರು ಮೈಸೂರಿನಿಂದ ಕೆತ್ತಿಸಿ ತಂದಿದ್ದ ಒಂದು ಹಿತ್ತಾಳೆಯ ತಗಡನ್ನು ಎಡ ಮಗ್ಗುಲಿಗೆ ತಾವೇ ಹೊಡೆದರು. ‘ಮಾದಪ್ಪ–ಮೊಯ್ದು, ಗುಂಡ್ಲುಪೇಟೆ’ ಎಂದು ಕನ್ನಡದಲ್ಲಿತ್ತು. ಕಾಕ ಅದನ್ನು ಓದಲಾರದೆ ನನ್ನ ಕೈಯಲ್ಲಿ ಓದಿಸಿ, ಇನ್ನೊಮ್ಮೆ ಓದಿಸಿ, ನಗುತ್ತಾ ಆಚೆ ಹೋದರು. ಆ ಕಾರು ಈಗ ಎಲ್ಲಿದೆಯೋ ಗೊತ್ತಿಲ್ಲ. ಸಾಹೇಬರು ಕೊಡಗಿಗೆ ಹಿಂತಿರುಗಿದ ಮೇಲೆ ಯಾರಿಗೋ ಕೊಟ್ಟರು ಎಂದು ಕೇಳಿದ್ದೆ.

ಇಷ್ಟು ಬರೆದು, ಅಡುಗೆಮನೆಯಿಂದ ಪಾರ್ವತಿಯನ್ನು ಕರೆದು ಓದು ಅಂದೆ. ಅವತ್ತು ಹುಟ್ಟಿದ ಹುಡುಗಿಯೇ ಪಾರ್ವತಿ. ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ, ಮಂಡಿನೋವಿದೆ. ಈ ಕಥೆ ಅವಳು ಕೇಳದ್ದೇನಲ್ಲ. ಆದರೂ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು. ಮುಗಿಸಿ, “ಅಲ್ಲ ಕಣವ್ವ, ತಾತ ಸೈಕಲ್‌ನಲ್ಲಿ ಬಂದ್ರು ಸರಿ. ವಾಪಸ್ ಹೆಂಗೋದ್ರು? ಅದೂ ತುಳ್ಕೊಂಡೇ ಹೋದ್ರಾ?” ಎಂದು ಕೇಳಿದಳು.

ಇಷ್ಟು ವರ್ಷ ಆ ದಿನವನ್ನು ನಾನು ನನ್ನ ನೋವಿನ ದಿನವೆಂದೇ ಹೇಳಿಕೊಂಡು ಬಂದಿದ್ದೇನೆ. ಅಪ್ಪ ಹೇಗೆ ಹಿಂತಿರುಗಿದರು ಎಂದು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಪಾರ್ವತಿಯ ನಾಮಕರಣಕ್ಕೆ ಬಂದಿದ್ದಾಗ ಕ್ಯಾಪ್ಟನ್ ಸಾಹೇಬರು ಏನೋ ಹೇಳಿದ್ದರು. ಮಗುವಿನ ಗಲಾಟೆಯಲ್ಲಿ ಅರ್ಧ ಕಿವಿಗೆ ಹಾಕಿಕೊಂಡಿದ್ದೆ. ಈಗ ಅವಳು ಕೇಳಿದ ಮೇಲೆ ಒಂದೊಂದೇ ನೆನಪಾಗಿ ಬಂತು, ಹೇಳಿದೆ.

ರಾತ್ರಿಯೆಲ್ಲ ಅಪ್ಪ ವಾರ್ಡಿನ ಬಾಗಿಲಲ್ಲಿ ಕೂತೇ ಇದ್ದರಂತೆ. ಬೆಳಿಗ್ಗೆ ಸಾಹೇಬರು ಸೈಕಲ್ಲನ್ನು ಕಾರಿನ ಹಿಂದಕ್ಕೆ ಕಟ್ಟಿ, ಅಪ್ಪನನ್ನು ಎಡಗಡೆ ಸೀಟಿನಲ್ಲಿ, ನಾನು ಕೂತು ಬಂದ ಅದೇ ಕೌದಿಯ ಮೇಲೆ ಕೂರಿಸಿದರಂತೆ. ಊರು ದಾಟುವ ಮೊದಲೇ ಅಪ್ಪ ನಿದ್ದೆಹೋದರು. ಬಿಸಿಲು ಮುಖಕ್ಕೆ ಬಿದ್ದರೂ ಎಚ್ಚರವಿಲ್ಲ, ತೆರಕಣಾಂಬಿಯ ಜನ ಸುತ್ತ ಸೇರಿ, “ಏನ್ ಸ್ವಾಮಿ, ಆಯಮ್ಮ ಹೆಂಗವ್ರೆ?” ಎಂದು ವಿಚಾರಿಸಿದರೂ ಎಚ್ಚರವಿಲ್ಲ. ಸಾಹೇಬರು ಎಲ್ಲರಿಗೂ ಪಿಸುದನಿಯಲ್ಲಿ ಉತ್ತರ ಕೊಟ್ಟು, ಹಳ್ಳಗಳನ್ನೆಲ್ಲ ತಪ್ಪಿಸಿಕೊಂಡು ನಡೆಸಿಕೊಂಡು ಬಂದರು. ಶೆಡ್ಡಿನ ಮುಂದೆ ಎಂಜಿನ್ ಆರಿಸಿದರೂ ಅಪ್ಪ ಏಳಲಿಲ್ಲ. ಮೊಯ್ದು ಕಾಕ ಓಡಿಬಂದವರು ಅಪ್ಪನ ಮುಖ ಕಂಡೇ ಸುದ್ದಿ ತಿಳಿದುಕೊಂಡು, ಒಳಗಿಂದ ಒಂದು ಟಾರ್ಪಾಲು ತಂದು ಮೇಲೆ ನೆರಳು ಕಟ್ಟಿದರಂತೆ. “ಎಬ್ಬಿಸಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲಮ್ಮಾ. ನಾನೂ ಸ್ಟೇರಿಂಗ್ ಹಿಡಿದುಕೊಂಡು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ,” ಎಂದಿದ್ದರು ಸಾಹೇಬರು.

ಪಾರ್ವತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಬಾಗಿಲ ಆಚೆ, ಬಿಸಿಲು ಬಿದ್ದ ಅಂಗಳದ ಕಡೆ ಸ್ವಲ್ಪ ಹೊತ್ತು ನೋಡಿದಳು.

“ಪಾಪ, ಮಲಗ್ಲಿ ಬುಡು,” ಎಂದಳು.